ಪಾಗಾರಕ್ಕೊಂದು ತಡಮೆ, ತಡಮೆಗೊಂದು ನಂಬರು

ಸವಣೂರು ಎಂದ ಕೂಡಲೇ 'ಯಾವ ಸವಣೂರು?' ಎಂದು ಕೇಳುವವರು ಇದ್ದೇ ಇರುತ್ತಾರೆ. ನವಾಬರು ಆಳಿದ, ವೀಳ್ಯದೆಲೆಗೆ ಹೆಸರಾದ ಸವಣೂರು ಹಾವೇರಿ ಜಿಲ್ಲೆಯಲ್ಲಿದೆ. ಪುತ್ತೂರಿನಿಂದ ಕಾಣಿಯೂರಿಗೆ ಹೋಗುವ ದಾರಿಯಲ್ಲಿ, ಅಡಿಕೆ ತೋಟಗಳ ನಡುವೆ ಸಿಗುವ ಸವಣೂರು ದಕ್ಷಿಣ ಕನ್ನಡದ್ದು. ಹಿಂದೆ ಪುತ್ತೂರು ತಾಲ್ಲೂಕಿನಲ್ಲಿತ್ತು, ಈಗ ಕಡಬ ತಾಲ್ಲೂಕಿಗೆ ಸೇರಿದೆ. ಎಲೆ ಅಲ್ಲಿ, ಅಡಿಕೆ ಇಲ್ಲಿ. ಕಾಗದದ ಮೇಲೆ ಬರಿದೇ 'ಸವಣೂರು' ಎಂದು ಬರೆದು ಡಬ್ಬಿಗೆ ಹಾಕಿದರೆ ಅಂಚೆಯವರು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಜಿಲ್ಲೆ ಬೇಕು, ಪಿನ್‌ಕೋಡ್ ಬೇಕು. ಊರು ತಲುಪಿದ ಮೇಲೆ ಯಾವ ಮನೆ ಎಂಬುದೂ ಬೇಕು.

ಕಂಪ್ಯೂಟರುಗಳ ಲೋಕದಲ್ಲಿ ಓಲೆ ಸಾಗುವುದೂ ಹೆಚ್ಚು ಕಡಿಮೆ ಹೀಗೆಯೇ. ಐಪಿ ವಿಳಾಸ ಎಂಬ ಅಂಕಿಗಳ ಸಾಲು ಯಾವ ಯಂತ್ರ ಎಂಬುದನ್ನು ಹೇಳುತ್ತದೆ. ಆದರೆ ಒಂದೇ ಯಂತ್ರದೊಳಗೆ ಒಂದೇ ಹೊತ್ತಿಗೆ ಹತ್ತಾರು ಕೆಲಸಗಳು ನಡೆಯುತ್ತಿರುತ್ತವೆ: ಒಂದು ವೆಬ್ ಪುಟ ಒದಗಿಸುತ್ತಿರುತ್ತದೆ, ಇನ್ನೊಂದು ಅಂಚೆ ಸ್ವೀಕರಿಸುತ್ತಿರುತ್ತದೆ, ಮತ್ತೊಂದು ಲೆಕ್ಕಪತ್ರ ಬರೆಯುತ್ತಿರುತ್ತದೆ. ಬಂದ ಓಲೆ ಇವುಗಳಲ್ಲಿ ಯಾರಿಗೆ ಎಂದು ಹೇಳುವುದೇ ಪೋರ್ಟ್ ನಂಬರು. ಪೋರ್ಟ್ ಎಂದರೆ ಕರಾವಳಿಯವರಿಗೆ ಪಣಂಬೂರು ನೆನಪಾದೀತು. ಆ ಹೋಲಿಕೆಯೂ ತಪ್ಪಲ್ಲ. ಬಂದರು ಒಂದೇ ಆದರೂ ಎಣ್ಣೆಯ ಹಡಗು ನಿಲ್ಲುವ ಕಟ್ಟೆ ಬೇರೆ, ಕಲ್ಲಿದ್ದಲಿನ ಕಟ್ಟೆ ಬೇರೆ. ವೆಬ್ ಪುಟಗಳಿಗೆ 80 ಮತ್ತು 443, ಇ-ಮೇಲ್ ಸಾಗಣೆಗೆ 25 - ಹೀಗೆ ಒಟ್ಟು 65,535 ನಂಬರುಗಳು ಪ್ರತಿಯೊಂದು ಯಂತ್ರಕ್ಕೂ ಇವೆ.

ಇಷ್ಟೊಂದು ಬಾಗಿಲುಗಳಿಗೆ ಕಾವಲು ಕೂರುವುದು ಫೈರ್‌ವಾಲ್. ಒಂದು ಕೋಣೆಯ ಬೆಂಕಿ ಪಕ್ಕದ ಕೋಣೆಗೆ ಹಬ್ಬದಂತೆ ಕಟ್ಟುವ ಗೋಡೆಯಿಂದ ಬಂದ ಹೆಸರು ಅದು. ನಮ್ಮ ಕಡೆಯ ಮಾತಿನಲ್ಲಿ ಪಾಗಾರ ಎನ್ನಬಹುದು. ಪಾಗಾರ ಎತ್ತರಿಸುವುದೇನೂ ದೊಡ್ಡ ವಿದ್ಯೆಯಲ್ಲ. ಆದರೆ ಮನೆಯವರು ಓಡಾಡಬೇಕು, ಕೆಲಸದವರು ಬರಬೇಕು, ಹಾಲು ಸೊಸೈಟಿಗೆ ಹೋಗಬೇಕು. ಅದಕ್ಕಾಗಿ ತಡಮೆ. ಜನ ದಾಟಬೇಕು, ದನ ನುಗ್ಗಬಾರದು. ತಡಮೆಯ ಶಾಸ್ತ್ರವೆಲ್ಲ ಇಷ್ಟೇ. ಫೈರ್‌ವಾಲ್‌ನಲ್ಲಿ ತಡಮೆ ಇಡುವ ಕೆಲಸಕ್ಕೆ 'ಕಸ್ಟಮ್ ಸರ್ವಿಸ್' ಎಂಬ ಒಂದು ಪುಟ್ಟ ಅರ್ಜಿ ನಮೂನೆಯಿದೆ. ಅದನ್ನು ತುಂಬಲು ಎರಡು ನಿಮಿಷ ಸಾಕು. ತುಂಬಿದ್ದರ ಫಲ ಮಾತ್ರ ವರ್ಷಗಟ್ಟಲೆ ಇರುತ್ತದೆ.

ಪಟ್ಟಿಯಲ್ಲಿಲ್ಲದ ಕಸುಬು

ಸವಣೂರಿನಂಥ ಒಂದು ಪೇಟೆಯಲ್ಲಿ ಅಡಿಕೆ ಖರೀದಿಯ ಅಂಗಡಿಯೊಂದನ್ನು ಕಲ್ಪಿಸಿಕೊಳ್ಳೋಣ. ಹಿಂದೆ ಗೋದಾಮು, ಮುಂದೆ ತಕ್ಕಡಿ, ಮೂಲೆಯಲ್ಲಿ ಕಂಪ್ಯೂಟರ್. ಲೆಕ್ಕ ಟ್ಯಾಲಿಯಲ್ಲಿ. ಚಾಲಿ ಅಡಿಕೆ ಕಿಲೋಗೆ ನಾಲ್ಕು ನೂರು ರೂಪಾಯಿ ದಾಟಿದ ಮೇಲೆ ಅಂಗಳದಲ್ಲಿ ಒಣಹಾಕಿದ್ದಕ್ಕೂ ಕಾವಲು ಬೇಕಾಗಿದೆ. ಆದ್ದರಿಂದ ನಾಲ್ಕು ಕ್ಯಾಮೆರಾ, ಅವುಗಳ ದೃಶ್ಯ ಕೂಡಿಡುವ ಒಂದು ಪೆಟ್ಟಿಗೆ. ಕೆಲಸದವರ ಹಾಜರಿಗೆ ಬೆರಳೊತ್ತುವ ಯಂತ್ರ. ಮಗ ಬೆಂಗಳೂರಿನಲ್ಲಿದ್ದಾನೆ, ಅಲ್ಲಿಂದಲೇ ಸಂಜೆಯ ಲೆಕ್ಕ ನೋಡಬೇಕು ಎನ್ನುತ್ತಾನೆ. ಯಜಮಾನರು ಪುತ್ತೂರಿನಿಂದ ಹುಡುಗನೊಬ್ಬನನ್ನು ಕರೆಸಿ ಫೈರ್‌ವಾಲ್ ಕೂರಿಸುತ್ತಾರೆ.

ಫೈರ್‌ವಾಲ್‌ಗೆ ಹುಟ್ಟಿನಿಂದಲೇ ಒಂದು ಪಟ್ಟಿ ಗೊತ್ತಿರುತ್ತದೆ. ವೆಬ್, ಇ-ಮೇಲ್, ಹೆಸರು ಹುಡುಕುವ ಡಿಎನ್‌ಎಸ್ ಇವೆಲ್ಲ ಅದರಲ್ಲಿವೆ. ಆದರೆ ನಮ್ಮ ಅಂಗಡಿಯ ಕಸುಬುಗಳು ಅದರಲ್ಲಿ ಇಲ್ಲದಿರುವುದೇ ಹೆಚ್ಚು. ಟ್ಯಾಲಿ ಬೆಂಗಳೂರಿನ ಕೂಸು. ಶ್ಯಾಮಸುಂದರ ಗೋಯಂಕಾ ಮತ್ತು ಅವರ ಮಗ ಭರತ್ ಗೋಯಂಕಾ 1986ರಲ್ಲಿ ಆರಂಭಿಸಿದ ಉದ್ಯಮದ್ದು. ಅದು ಬೇರೆ ತಂತ್ರಾಂಶಗಳೊಡನೆ ಮಾತಾಡಲು ಸಾಮಾನ್ಯವಾಗಿ 9000 ಎಂಬ ಪೋರ್ಟ್ ಬಳಸುತ್ತದೆ, ಲೈಸೆನ್ಸ್ ವಿಚಾರಕ್ಕೆ 9999. ಹಾಜರಿ ಯಂತ್ರಗಳಲ್ಲಿ ಬಹಳಷ್ಟು 4370ರಲ್ಲಿ ಕಾಯುತ್ತವೆ. ಕ್ಯಾಮೆರಾ ಪೆಟ್ಟಿಗೆಗಳಲ್ಲಿ ಕೆಲವು 8000, ಕೆಲವು 37777, ದೃಶ್ಯ ಹರಿಸಲು 554. ಈ ನಂಬರುಗಳಿಗೆ ಹೆಸರಿಟ್ಟು ಫೈರ್‌ವಾಲ್‌ಗೆ ಪರಿಚಯ ಮಾಡಿಕೊಡುವುದೇ ಕಸ್ಟಮ್ ಸರ್ವಿಸ್. 'ಟ್ಯಾಲಿ, ಟಿಸಿಪಿ, 9000' ಎಂದು ಬರೆದರೆ ಒಂದು ಪರಿಚಯ ಮುಗಿಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ತಿಳಿಯದೆ ಗಾಬರಿಯಾದವರೂ ಉಂಟು, ಗಾಬರಿಯಾಗಬೇಕಾದಾಗ ಆಗದವರೂ ಉಂಟು. ಸರ್ವಿಸ್ ಎಂಬುದು ಬರೀ ಒಂದು ಪದ. ಅದನ್ನು ಬರೆದ ಮಾತ್ರಕ್ಕೆ ಯಾವ ಬಾಗಿಲೂ ತೆರೆಯುವುದಿಲ್ಲ. ಆ ಪದವನ್ನು ಸೇರಿಸಿ 'ಇಂಥವರು, ಇಂಥ ಯಂತ್ರಕ್ಕೆ, ಈ ಸರ್ವಿಸ್‌ಗಾಗಿ ಬರಬಹುದು' ಎಂದು ರೂಲ್ ಬರೆದಾಗ ಮಾತ್ರ ಅದು ವಾಕ್ಯವಾಗುತ್ತದೆ, ಬಾಗಿಲು ತೆರೆಯುತ್ತದೆ. ಹಾಗಾಗಿ ಪದ ಸರಿಯಾಗಿದ್ದೂ ವಾಕ್ಯ ಕೆಟ್ಟರೆ ಕೆಲಸ ಕೆಟ್ಟಿತು. 'ಇಂಥವರು' ಎಂಬ ಜಾಗದಲ್ಲಿ 'ಎನಿ', ಅಂದರೆ 'ಯಾರು ಬೇಕಾದರೂ' ಎಂಬ ಒಂದು ಆಯ್ಕೆ ಸದಾ ಸಿದ್ಧವಾಗಿ ಕುಳಿತಿರುತ್ತದೆ.

ನಮೂನೆಯ ಇನ್ನೊಂದು ಖಾನೆಯೂ ಅನೇಕರನ್ನು ಸತಾಯಿಸಿದೆ. ಹೋಗುವ ಪೋರ್ಟ್, ಹೊರಟ ಪೋರ್ಟ್ ಎಂದು ಅದು ಎರಡು ಕೇಳುತ್ತದೆ. ಹೊಸಬರು ಎರಡರಲ್ಲೂ 9000 ಎಂದು ತುಂಬುತ್ತಾರೆ, ಏನೂ ನಡೆಯುವುದಿಲ್ಲ. ಏಕೆಂದರೆ ಕರೆ ಮಾಡುವ ಯಂತ್ರ ತನ್ನ ಕಡೆಯಿಂದ ಆ ಹೊತ್ತಿಗೆ ಖಾಲಿಯಿರುವ ಯಾವುದೋ ದೊಡ್ಡ ನಂಬರನ್ನು, ಸಾಮಾನ್ಯವಾಗಿ 49152ರ ಮೇಲಿನದನ್ನು, ಎತ್ತಿಕೊಂಡು ಹೊರಡುತ್ತದೆ. ನಾವು ಪುತ್ತೂರು ಪೇಟೆಯ ನಿಶ್ಚಿತ ಅಂಗಡಿಗೆ ಹೋಗುತ್ತೇವೆ, ಸರಿ. ಆದರೆ ಹೋಗುವುದು ಯಾವ ಬಸ್ಸು ಸಿಕ್ಕಿತೋ ಅದರಲ್ಲಿ. ಆದ್ದರಿಂದ ಹೊರಟ ಪೋರ್ಟಿನ ಖಾನೆಯನ್ನು ಇದ್ದಂತೆಯೇ ಬಿಡಬೇಕು. ಈ ಸಣ್ಣ ಸಂಗತಿ ಗೊತ್ತಿಲ್ಲದೆ ಮಧ್ಯಾಹ್ನವಿಡೀ ಒದ್ದಾಡಿ, ಕೊನೆಗೆ ಬೇಸತ್ತು, 1ರಿಂದ 65535ರವರೆಗೆ ಎಲ್ಲವನ್ನೂ ತೆರೆದು 'ಈಗ ಸರಿಯಾಯಿತು' ಎಂದು ಹೋಗುವ ರೂಢಿ ಈ ಕಸುಬಿನಲ್ಲಿ ಹಳೆಯದು. ಕೆಲಸವೇನೋ ನಡೆಯುತ್ತದೆ. ತಡಮೆ ಜಾರಿಸಲು ಬರದವನು ಪಾಗಾರವನ್ನೇ ಒಡೆದು ದಾರಿ ಮಾಡಿಕೊಟ್ಟ ಹಾಗೆ.

ನಂಬರು ಕೊಡುವವರು

ಇಷ್ಟಕ್ಕೂ 25 ಎಂದರೆ ಇ-ಮೇಲ್, 80 ಎಂದರೆ ವೆಬ್ ಎಂದು ಹೇಳಿದವರು ಯಾರು? ಇಂಟರ್‌ನೆಟ್ ಇನ್ನೂ ಅಮೆರಿಕದ ಕೆಲವೇ ವಿಶ್ವವಿದ್ಯಾಲಯಗಳ ಸೊತ್ತಾಗಿದ್ದ 1970ರ ದಶಕದಿಂದಲೂ ಈ ಲೆಕ್ಕ ಇಟ್ಟವರು ಜಾನ್ ಪೋಸ್ಟೆಲ್ ಎಂಬ ಗಡ್ಡಧಾರಿ ವಿಜ್ಞಾನಿ. ಅವರಿಗೆ ಜೊತೆಯಾಗಿ ಜಾಯ್ಸ್ ರೆನಾಲ್ಡ್ಸ್ ಎಂಬ ಮಹಿಳೆ. 1995ರ ಜುಲೈನಲ್ಲಿ ಫಿನ್ಲೆಂಡಿನ ತಾತು ಯ್ಲೋನೆನ್ ಎಂಬುವರು, ತಮ್ಮ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್ ಕಳವಾದ ಬಳಿಕ, ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಪ್ರವೇಶಿಸುವ ಎಸ್‌ಎಸ್‌ಎಚ್ ಎಂಬ ಉಪಾಯ ರೂಪಿಸಿದರು. 21 ಕಡತ ಸಾಗಣೆಗೆ, 23 ಹಳೆಯ ಟೆಲ್‌ನೆಟ್‌ಗೆ ಹಂಚಿಹೋಗಿತ್ತು. ನಡುವಿನ 22 ಖಾಲಿ. ಅದನ್ನು ಕೊಡುವಿರಾ ಎಂದು ಒಂದು ಇ-ಮೇಲ್ ಬರೆದರು. ಮರುದಿನವೇ 'ಕೊಟ್ಟಿದ್ದೇವೆ' ಎಂದು ರೆನಾಲ್ಡ್ಸ್ ಅವರ ಉತ್ತರ ಬಂತು. ನಮ್ಮಲ್ಲಿ ಮನೆ ನಂಬರು ಪಡೆಯಲು ಗ್ರಾಮ ಪಂಚಾಯತಿಗೆ ಎಷ್ಟು ಸಲ ಹೋಗಬೇಕೆಂದು ಬಲ್ಲವರು ಇದನ್ನು ಓದಿ ನಿಟ್ಟುಸಿರು ಬಿಟ್ಟಾರು.

0ಯಿಂದ 1023ರವರೆಗಿನವು ಹೀಗೆ ಹೆಸರುವಾಸಿ ನಂಬರುಗಳು. 49151ರವರೆಗೆ ಕೇಳಿದವರಿಗೆ ನೋಂದಾಯಿಸಿ ಕೊಡುವಂಥವು. ಆದರೆ ನೋಂದಣಿ ಎಂದರೆ ಜಮೀನಿನ ಪಟ್ಟೆಯಲ್ಲ. ಯಾರೂ ಯಾವ ನಂಬರನ್ನೂ ಬಳಸಬಹುದು, ತಡೆಯುವವರಿಲ್ಲ. 9000ದಲ್ಲಿ ಟ್ಯಾಲಿಯೇ ಇರಬೇಕೆಂದಿಲ್ಲ, ಬೇರೆಯ ತಂತ್ರಾಂಶಗಳೂ ಅದನ್ನು ಬಳಸುತ್ತವೆ. ಫೈರ್‌ವಾಲ್ ಬರಿಯ ನಂಬರು ನೋಡಿ ಬಿಟ್ಟರೆ, ಆ ನಂಬರು ಹೇಳಿಕೊಂಡು ಬಂದವರೆಲ್ಲ ಒಳಗೆ. ಹೊಸ ಕಾಲದ ಫೈರ್‌ವಾಲ್‌ಗಳು ಓಲೆಯ ಒಳಗನ್ನೂ ಇಣುಕಿ ನೋಡುತ್ತವೆ, ನಿಜ. ಸಣ್ಣ ಅಂಗಡಿಯ ಅಗ್ಗದ ಪೆಟ್ಟಿಗೆಯಿಂದ ಅಷ್ಟನ್ನು ನಿರೀಕ್ಷಿಸಬಾರದು.

ನಂಬರಿನ ಜೊತೆಗೆ ಟಿಸಿಪಿಯೋ ಯುಡಿಪಿಯೋ ಎಂದೂ ಹೇಳಬೇಕಾಗುತ್ತದೆ. ಇವೆರಡೂ ಹಾವೇರಿಯ ಸವಣೂರು, ಕಡಬದ ಸವಣೂರು ಇದ್ದ ಹಾಗೆ. ಹೆಸರು ಒಂದೇ, ಊರು ಬೇರೆ. ಟಿಸಿಪಿ 1434 ಬೇರೆ, ಯುಡಿಪಿ 1434 ಬೇರೆ. ಟಿಸಿಪಿ ರಿಜಿಸ್ಟರ್ಡ್ ಅಂಚೆಯಂತೆ, ತಲುಪಿತೇ ಎಂದು ಪ್ರತಿ ಹೆಜ್ಜೆಗೂ ಕೇಳಿಕೊಳ್ಳುತ್ತದೆ. ಯುಡಿಪಿ ಪೋಸ್ಟ್ ಕಾರ್ಡು. ಬರೆದು ಎಸೆದರೆ ಮುಗಿಯಿತು. ಈ ಎಸೆದು ಹೋಗುವ ಗುಣದಿಂದ ಏನಾಗಬಹುದೆಂದು ಜಗತ್ತು ಕಂಡದ್ದು 2003ರ ಜನವರಿ 25ರಂದು. ಸ್ಲ್ಯಾಮರ್ ಎಂಬ ಹುಳು ಕೇವಲ 376 ಬೈಟ್‌ಗಳದ್ದು, ಈ ಪ್ಯಾರಾಕ್ಕಿಂತ ಚಿಕ್ಕದು. ಮೈಕ್ರೋಸಾಫ್ಟ್‌ನ ದತ್ತಾಂಶ ತಂತ್ರಾಂಶ ಕಾಯುತ್ತಿದ್ದ ಯುಡಿಪಿ 1434ರ ಮೂಲಕ ನುಗ್ಗಿ, ಸೋಂಕು ತಗಲಬಹುದಾಗಿದ್ದ ಯಂತ್ರಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವನ್ನು ಹತ್ತೇ ನಿಮಿಷದಲ್ಲಿ ಹಿಡಿಯಿತು. ಅಮೆರಿಕದಲ್ಲಿ ಬ್ಯಾಂಕಿನ ಎಟಿಎಂಗಳು ನಿಂತವು. ಆ ದೋಷಕ್ಕೆ ಮದ್ದು ಆರು ತಿಂಗಳ ಹಿಂದೆಯೇ ಬಂದಿತ್ತು. ಹೊರಗಿನಿಂದ 1434ಕ್ಕೆ ಬರುವ ಅಗತ್ಯ ಆ ಯಂತ್ರಗಳಲ್ಲಿ ಬಹುಪಾಲಿಗೆ ಇರಲೂ ಇಲ್ಲ.

ನಮ್ಮನ್ನು ಯಾರು ನೋಡುತ್ತಾರೆ?

ಈಗ ಅಂಗಡಿಯ ಯಜಮಾನರು ಕೇಳುವ ಪ್ರಶ್ನೆಗೆ ಬರೋಣ. 'ಅಮೆರಿಕದ ಬ್ಯಾಂಕಿಗೆ ಆದೀತು ಮಾರಾಯ್ರೇ, ಸವಣೂರಿನ ಮೂಲೆಯ ಅಡಿಕೆ ಅಂಗಡಿಯ ಬಾಗಿಲು ತೆರೆದಿದೆಯೆಂದು ಯಾರಿಗೆ ಗೊತ್ತಾಗಬೇಕು?' ಪ್ರಶ್ನೆ ನ್ಯಾಯವಾಗಿಯೇ ಇದೆ. ಮನೆ ಕಳ್ಳನಾದರೆ ಊರು ಗೊತ್ತಿರಬೇಕು, ದಾರಿ ಗೊತ್ತಿರಬೇಕು, ನಾಯಿ ಇಲ್ಲದ ಮನೆ ಯಾವುದೆಂದು ವಿಚಾರಿಸಬೇಕು. ಜಾಲದ ಕಳ್ಳನಿಗೆ ಇದು ಯಾವುದೂ ಬೇಡ. ಅವನಿಗೆ ಸವಣೂರೂ ಗೊತ್ತಿಲ್ಲ, ಅಡಿಕೆಯೂ ಗೊತ್ತಿಲ್ಲ. ಗೊತ್ತಿರುವುದು ನಂಬರು ಮಾತ್ರ. ಹಳೆಯ ಮಾದರಿಯ ಐಪಿ ವಿಳಾಸಗಳು ಜಗತ್ತಿನಲ್ಲಿ ಒಟ್ಟು ಸುಮಾರು 430 ಕೋಟಿ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಝಡ್‌ಮ್ಯಾಪ್ ಎಂಬ ಉಪಕರಣ ಮಾಡಿ, ಒಂದು ಸಾಧಾರಣ ಸರ್ವರ್‌ನಿಂದ, ಒಳ್ಳೆಯ ವೇಗದ ಸಂಪರ್ಕವಿದ್ದರೆ, ಈ ವಿಳಾಸಗಳನ್ನೆಲ್ಲ ಒಂದು ಪೋರ್ಟಿನ ಮಟ್ಟಿಗೆ ಮುಕ್ಕಾಲು ಗಂಟೆಯೊಳಗೆ ತಟ್ಟಿ ನೋಡಬಹುದೆಂದು ತೋರಿಸಿಕೊಟ್ಟರು. 2009ರಿಂದಲೇ ಶೋಡಾನ್ ಎಂಬ ಹುಡುಕುತಾಣ ತೆರೆದ ಪೋರ್ಟ್‌ಗಳ ಪಟ್ಟಿಯನ್ನು ಯಾರು ಬೇಕಾದರೂ ನೋಡುವಂತೆ ಇಟ್ಟಿದೆ. ಭತ್ತದ ಗದ್ದೆಗೆ ಬಂದ ಗಿಳಿ ಹಿಂಡು ಗದ್ದೆ ಯಾರದೆಂದು ಕೇಳುತ್ತದೆಯೆ?

ಕ್ಯಾಮೆರಾದ ಕಥೆ ಕೇಳಿ. 2016ರಲ್ಲಿ ಅಮೆರಿಕದ ಮೂವರು ಯುವಕರು ಮಿರಾಯ್ ಎಂಬ ತಂತ್ರಾಂಶ ಬರೆದರು. ಮೈನ್‌ಕ್ರಾಫ್ಟ್ ಎಂಬ ಆಟದ ವ್ಯಾಪಾರದಲ್ಲಿ ಪ್ರತಿಸ್ಪರ್ಧಿಗಳನ್ನು ಕೆಡಹುವುದು ಅವರ ಆಸೆಯಾಗಿತ್ತಂತೆ. ಅದು ಜಾಲದಲ್ಲಿ 23 ಮತ್ತು 2323 ಪೋರ್ಟ್ ತೆರೆದಿಟ್ಟ ಕ್ಯಾಮೆರಾ, ದೃಶ್ಯಪೆಟ್ಟಿಗೆ, ರೂಟರ್‌ಗಳನ್ನು ಹುಡುಕಿ, ಕಾರ್ಖಾನೆಯಿಂದ ಬಂದ ಅರುವತ್ತಕ್ಕೂ ಹೆಚ್ಚು ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಪ್ರಯತ್ನಿಸುತ್ತಿತ್ತು. ಹೀಗೆ ವಶವಾದ ಲಕ್ಷಗಟ್ಟಲೆ ಸಾಧನಗಳು ಗುಲಾಮ ಸೈನ್ಯವಾದವು. ಆ ವರ್ಷ ಅಕ್ಟೋಬರ್ 21ರಂದು ಅದೇ ತಂತ್ರಾಂಶದಿಂದ ನಡೆದ ದಾಳಿಗೆ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಅನೇಕರಿಗೆ ಸಿಗದಾದವು. ಕ್ಯಾಮೆರಾಗಳ ಮಾಲೀಕರಲ್ಲಿ ಹೆಚ್ಚಿನವರಿಗೆ ಏನಾಯಿತೆಂದೇ ತಿಳಿಯಲಿಲ್ಲ. ಅವರ ಪಾಲಿಗೆ ಅಂಗಳ ಎಂದಿನಂತೆ ಕಾಣುತ್ತಲೇ ಇತ್ತು. ಅಂಗಳ ತಮಗಷ್ಟೇ ಕಾಣುತ್ತಿದೆಯೇ ಎಂಬುದು ಬೇರೆ ಪ್ರಶ್ನೆ. ಗೋದಾಮಿನಲ್ಲಿ ಎಷ್ಟು ಮೂಟೆ ಇದೆ, ರಾತ್ರಿ ಯಾರೂ ಇಲ್ಲವೇ ಎಂಬುದನ್ನು ತೋರಿಸುವ ಕ್ಯಾಮೆರಾ ಅಪರಿಚಿತನ ಕಣ್ಣಾದರೆ ಅದರಿಂದ ಯಾರಿಗೆ ಲಾಭ?

ಅಷ್ಟು ದೂರ ಹೋಗುವುದೂ ಬೇಡ. 2017ರ ಮೇ 12ರಂದು ಹಬ್ಬಿದ ವಾನಾಕ್ರೈ, ವಿಂಡೋಸ್ ಯಂತ್ರಗಳು ಕಡತ ಹಂಚಿಕೊಳ್ಳುವ 445ನೇ ಪೋರ್ಟಿನಿಂದ ನುಗ್ಗಿ, ಕಡತಗಳಿಗೆಲ್ಲ ಬೀಗ ಜಡಿದು 300 ಡಾಲರ್ ಕೇಳುತ್ತಿತ್ತು. ಬ್ರಿಟನ್ನಿನ ಆಸ್ಪತ್ರೆಗಳು ತತ್ತರಿಸಿದ್ದು ಎಲ್ಲರಿಗೂ ನೆನಪಿದೆ. ಅದೇ ವಾರ ನೆರೆಯ ಕೇರಳದಲ್ಲಿ, ವಯನಾಡಿನ ಗ್ರಾಮ ಪಂಚಾಯತಿ ಕಚೇರಿಯಲ್ಲೂ, ಮಂಗಳೂರು ಸೆಂಟ್ರಲ್ ನಿಲ್ದಾಣವೂ ಸೇರಿರುವ ಪಾಲಕ್ಕಾಡ್ ರೈಲ್ವೆ ವಿಭಾಗದ ಕಚೇರಿಯಲ್ಲೂ ಅದು ಕಾಣಿಸಿಕೊಂಡಿತು. ಗುಡ್ಡದ ಮೇಲಿನ ಗ್ರಾಮ ಪಂಚಾಯತಿಯನ್ನು ಹುಡುಕಿಕೊಂಡು ಯಾರೂ ಹೋಗಿರಲಿಲ್ಲ. ನಂಬರು ಸಿಕ್ಕಿತ್ತು, ಅಷ್ಟೆ.

ಸಹಕಾರಿ ಸಂಘಗಳ ಊರಾದ ನಮಗೆ ಇನ್ನೂ ಹತ್ತಿರದ ಉದಾಹರಣೆ 2024ರ ಜುಲೈನದು. ಮೊಳಹಳ್ಳಿ ಶಿವರಾಯರ ಕಾಲದಿಂದ ಪುತ್ತೂರು ಸೀಮೆಯಲ್ಲಿ ರೈತನ ಹಣ ಸೊಸೈಟಿಯ ಮೂಲಕವೇ ಓಡಾಡಿದೆ. ಈಗ ಸೊಸೈಟಿಗಳಿಗೂ ಕಂಪ್ಯೂಟರ್ ಬಂದಿದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಕಂಪ್ಯೂಟರೀಕರಣಕ್ಕೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಸಣ್ಣ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಕೊಡುವ ಸಿ-ಎಡ್ಜ್ ಕಂಪನಿಯ ವ್ಯವಸ್ಥೆಗೆ ಒತ್ತೆಹಣ ಕೇಳುವವರು ನುಗ್ಗಿದಾಗ, ರಾಷ್ಟ್ರೀಯ ಪಾವತಿ ನಿಗಮ ಜುಲೈ 31ರಂದು ಅದನ್ನು ಪಾವತಿ ಜಾಲದಿಂದ ಬೇರ್ಪಡಿಸಿತು. ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ನಿಂತಿತು; ಸರಿಹೋಗಲು ಮರುದಿನವಾಯಿತು. ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆ ನಡೆಸಿದ ಶೋಧದ ವರದಿಯ ಪ್ರಕಾರ ಎಲ್ಲದರ ಮೂಲ, ಆ ವ್ಯವಸ್ಥೆಗೆ ಸೇವೆ ಒದಗಿಸುತ್ತಿದ್ದ ಬೇರೊಂದು ಕಂಪನಿಯ, ಸರಿಯಾಗಿ ಹೊಂದಿಸದೆ ಬಿಟ್ಟ ಒಂದು ಸರ್ವರ್. ಅದರಲ್ಲಿ ಹೊರಗಿನವರಿಗೆ ತೆರೆದಿದ್ದದ್ದು 22ನೇ ಪೋರ್ಟ್ - ಸುರಕ್ಷತೆಗೆಂದೇ ಯ್ಲೋನೆನ್ ಕೇಳಿ ಪಡೆದ ನಂಬರು.

ತಡಮೆ ಜಾರಿಸುವ ಬಗೆ

ಹಾಗಾದರೆ ಬೆಂಗಳೂರಿನ ಮಗ ಲೆಕ್ಕ ನೋಡುವುದು ಹೇಗೆ? ಅವನ ಕಚೇರಿಗೆ ಬದಲಾಗದ ಐಪಿ ವಿಳಾಸವಿದ್ದರೆ, 'ಎನಿ' ಎಂಬಲ್ಲಿ ಆ ಒಂದೇ ವಿಳಾಸ ಬರೆಯಬಹುದು. ಇಲ್ಲದಿದ್ದರೆ ವಿಪಿಎನ್ ಎಂಬ ಸುರಂಗ ತೋಡಿಕೊಳ್ಳುವುದು ಲೇಸು. ಮೊದಲು ಕಾವಲುಗಾರನಿಗೆ ಗುರುತು ತೋರಿಸಿ ಪಾಗಾರದೊಳಗೆ ಬರಬೇಕು, ಆಮೇಲೆ ಒಳಗಿನವನಾಗಿಯೇ 9000ದ ಬಾಗಿಲು ತಟ್ಟಬೇಕು. ಹೊರಗಿನಿಂದ ನೋಡುವವನಿಗೆ 9000 ಎಂಬುದು ಇಲ್ಲವೇ ಇಲ್ಲ. ಈಗಿನ ಒಳ್ಳೆಯ ಪೆಟ್ಟಿಗೆಗಳಲ್ಲಿ ಈ ಅನುಕೂಲ ಇದ್ದೇ ಇರುತ್ತದೆ, ಕೇಳುವವರು ಕಡಿಮೆ. ನಂಬರನ್ನು 9000ದಿಂದ 9017ಕ್ಕೆ ಬದಲಾಯಿಸಿದರೆ ಆಗದೇ ಎಂದು ಕೆಲವರು ಕೇಳುತ್ತಾರೆ. ಕೀಲಿಕೈಯನ್ನು ಹೊಸ್ತಿಲ ಬದಲು ಹೂಕುಂಡದ ಕೆಳಗಿಟ್ಟಷ್ಟೇ ಅದರ ಉಪಯೋಗ.

ಹಳ್ಳಿಗಳಿಗೆ ಬಂದಿರುವ ಅನೇಕ ಸಂಪರ್ಕಗಳಲ್ಲಿ ಒಂದೇ ಐಪಿ ವಿಳಾಸವನ್ನು ನೂರಾರು ಮನೆಗಳು ಹಂಚಿಕೊಂಡಿರುತ್ತವೆ. ಅಂಥಲ್ಲಿ ಹೊರಗಿನಿಂದ ನೇರ ಬಾಗಿಲು ತೆರೆಯಲೇ ಆಗುವುದಿಲ್ಲ. ಇದು ಒಂದು ಬಗೆಯ ಅದೃಷ್ಟ. ಪ್ರತ್ಯೇಕ ವಿಳಾಸಕ್ಕೆ ಹೆಚ್ಚಿನ ಹಣ ಕಟ್ಟಿದ ದಿನದಿಂದಲೇ ಮೇಲಿನ ಮಾತೆಲ್ಲ ಅನ್ವಯಿಸತೊಡಗುತ್ತದೆ. ಇನ್ನು, ಒಳಗಿನಿಂದ ಹೊರಗೆ ಹೋಗುವ ಕೆಲಸಕ್ಕೆ - ಬ್ಯಾಂಕಿನ ತಾಣ ತೆರೆಯುವುದು, ಜಿಎಸ್‌ಟಿ ಸಲ್ಲಿಸುವುದು - ಹೊರಗಿನವರಿಗೆ ಯಾವ ಪೋರ್ಟನ್ನೂ ತೆರೆಯಬೇಕಾಗಿಲ್ಲ. ಒಳಗಿನವರು ಕೇಳಿದ್ದಕ್ಕೆ ಬರುವ ಉತ್ತರವನ್ನು ಫೈರ್‌ವಾಲ್ ತಾನೇ ಗುರುತಿಸಿ ಬಿಡುತ್ತದೆ. 'ಜಿಎಸ್‌ಟಿ ಹೋಗುತ್ತಿಲ್ಲ, ಪೋರ್ಟ್ ತೆರೆಯಬೇಕು' ಎಂದು ಯಾರಾದರೂ ಹೊರಗಿನಿಂದ ಒಳಕ್ಕೆ ದಾರಿ ಮಾಡತೊಡಗಿದರೆ ಕೈ ಹಿಡಿಯಿರಿ.

ರೂಲ್‌ಗಳನ್ನು ಫೈರ್‌ವಾಲ್ ಓದುವುದು ಮೇಲಿನಿಂದ ಕೆಳಕ್ಕೆ, ಮೊದಲು ಹೊಂದಿದ್ದನ್ನು ಒಪ್ಪಿಕೊಂಡು ನಿಲ್ಲುತ್ತದೆ. ಮೇಲೆಲ್ಲೋ ಒಂದು 'ಯಾರು ಬೇಕಾದರೂ' ಇದ್ದರೆ ಕೆಳಗೆ ಬರೆದ ಹತ್ತು ಕಟ್ಟುಪಾಡುಗಳೂ ವ್ಯರ್ಥ. ಅದಕ್ಕೇ ವರ್ಷಕ್ಕೊಮ್ಮೆಯಾದರೂ, ಪಾಗಾರದ ಬುಡಕ್ಕೆ ಮಳೆಗಾಲಕ್ಕೆ ಮುಂಚೆ ಒಂದು ಸುತ್ತು ಬರುವಂತೆ, ಈ ಪಟ್ಟಿಯನ್ನು ಕಾಗದಕ್ಕಿಳಿಸಿ ಓದಿಸಿಕೊಳ್ಳಬೇಕು. ಏನಾದರೂ ಹೆಚ್ಚುಕಡಿಮೆಯಾದರೆ ಆರು ಗಂಟೆಯೊಳಗೆ ತಿಳಿಸಬೇಕು, ಲಾಗ್ ಎಂಬ ದಿನಚರಿಯನ್ನು 180 ದಿನ ಕಾದಿಡಬೇಕು ಎಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದೇ ಆದೇಶಿಸಿದೆ. ದಿನಚರಿ ಬರೆಯುವ ಗುಂಡಿಯನ್ನು ಒತ್ತಿದ್ದರೆ ತಾನೇ ಕಾದಿಡುವುದು.

ಸರ್ವಿಸ್ ಬರೆಯುವ ನಮೂನೆಯಲ್ಲಿ ಕೊನೆಗೆ ಷರಾ ಎಂಬಂಥ ಒಂದು ಖಾನೆ ಇರುತ್ತದೆ, ಬಹುತೇಕ ಖಾಲಿಯಾಗಿ. 'ಬೆಂಗಳೂರಿನಿಂದ ಲೆಕ್ಕ ನೋಡಲು, ಯಜಮಾನರು ಹೇಳಿದ್ದು, ಮಾರ್ಚ್ ಕೊನೆಯವರೆಗೆ' ಎಂದು ಅದರಲ್ಲಿ ಬರೆದಿದ್ದರೆ ಏಪ್ರಿಲ್‌ನಲ್ಲಿ ಬಂದ ಹೊಸ ಹುಡುಗನಿಗೂ ಅದನ್ನು ಧೈರ್ಯವಾಗಿ ಅಳಿಸಲು ಆಗುತ್ತದೆ. ಬರೆಯದಿದ್ದರೆ ಅಳಿಸಿದರೆ ಏನು ನಿಲ್ಲುತ್ತದೋ ಎಂಬ ಅಂಜಿಕೆಯಿಂದ ಅವನೂ ಬಿಡುತ್ತಾನೆ, ಅವನ ನಂತರದವನೂ ಬಿಡುತ್ತಾನೆ. ಪಟ್ಟಿ ಓದಿಸುವಾಗ 'ಟೆಸ್ಟ್', 'ಟೆಸ್ಟ್ 2', 'ಟೆಂಪರರಿ' ಎಂಬ ಹೆಸರಿನವು ಎದುರಾದರೆ ಅಲ್ಲಿಯೇ ನಿಲ್ಲಿಸಿ ಕೇಳಿ - ಇದು ಯಾರು ಇಟ್ಟದ್ದು, ಯಾವ ವರ್ಷ?